ಫಕೀರಪ್ಪನ ಉಕಾರ

ಗದಗ
ಮೂರನೆಯ ತಿಂಗಳ ಮೂವತ್ತನಾಲ್ಕನೆಯ ದಿನ,
ಆರುನೂರ ಎಪ್ಪತ್ತಾರು ಕೋಟಿ ಸೆಕೆಂಡು ದಾಟಿದ ಮೇಲೆ

ರಾ.ಹಂ. ಅವರಿಗೆ ನಮಸ್ಕಾರಗಳು.

ಮೇಲಿನ ದಿನಾಂಕ ನೋಡಿ ಕಾಗದವನ್ನು ಮಡಚಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ನೆಂಟರ ಮನೆಗೆ ಹೋಗಿಬರಲಿ ಎಂದು ಬಿಟ್ಟಿದ್ದೇವೆ. ಸೆಕೆಂಡುಗಳ ಎಣಿಕೆ ಮಾತ್ರ ನಿಮ್ಮ ಕಾಲದ್ದೇ. ನಿಮ್ಮ ಯಂತ್ರಗಳ ಗಡಿಯಾರ ೧೯೭೦ರ ಮೊದಲ ದಿನದಿಂದ ಎಣಿಸತೊಡಗಿತ್ತಲ್ಲ, ಅದನ್ನು ನಾವು ಹಳೆಯ ಬಳಕೆದಾರರು ಹಟಕ್ಕೆ ಬಿದ್ದು ಇನ್ನೂ ಮುಂದುವರಿಸಿದ್ದೇವೆ. ನಿಮ್ಮ ಲೆಕ್ಕದಲ್ಲಿ ಇದು ೨೧೮೪ನೆಯ ಇಸವಿ. ನನ್ನ ಮಾತಿನಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಪದಗಳು ನುಸುಳುತ್ತವೆ, ಮನ್ನಿಸಿ. ಬಂದಾಗ ಬಂದಾಗ ವಿವರಿಸುತ್ತ ಹೋಗುತ್ತೇನೆ.

ನೀವು ಗಂಡಸೋ ಹೆಂಗಸೋ ನಮಗೆ ತಿಳಿಯದು. 'ಬಯಲು' ಎಂಬ ಕಾರ್ಯಾಚರಣ ವ್ಯವಸ್ಥೆಯ ಕನ್ನಡ ಕಡತದ ನೆತ್ತಿಯ ಮೇಲೆ 'ಮೊದಲ ಅನುವಾದ: ರಾ.ಹಂ.' ಎಂದಷ್ಟೇ ಇದೆ. ನೂರೈವತ್ತು ವರ್ಷಗಳಿಂದ ನಮ್ಮವರು ಇದರ ಬಗ್ಗೆ ವಾದ ಮಾಡುತ್ತ ಬಂದಿದ್ದಾರೆ. ರಾ.ಹಂ. ಎಂದರೆ ಹಂಪಿ ಕಡೆಯ ಮೇಷ್ಟರು ಎಂದು ಒಂದು ಪಕ್ಷ, ಇಬ್ಬರು ಅಕ್ಕತಂಗಿಯರ ಹೆಸರಿನ ಮೊದಲಕ್ಷರಗಳು ಎಂದು ಇನ್ನೊಂದು ಪಕ್ಷ. ಹೊಸ ಆವೃತ್ತಿಯ ಬಾಗಿಲು ಮುಚ್ಚುವಾಗ ಹಿಂದಿನವರಿಗೆ ಒಂದು ಕಾಗದ ಬರೆದು ಕಡತದೊಳಗೆ ಸೇರಿಸುವುದು ನಮ್ಮಲ್ಲಿ ಪದ್ಧತಿ. ಅದನ್ನು ಹಿಂದೋಲೆ ಎನ್ನುತ್ತೇವೆ. ಹಿಂದಿನವರಿಗೆ ಅದು ತಲುಪುತ್ತದೆಂದು ಯಾರೂ ನಂಬಿಲ್ಲ, ಆದರೆ ಬರೆಯುವುದನ್ನು ಯಾರೂ ತಪ್ಪಿಸಿಲ್ಲ. ಈ ಸಲ ಬಯಲಿನ ಕೊನೆಯ ಆವೃತ್ತಿ ಮುಚ್ಚುತ್ತಿದೆ. ಹಿಂದೋಲೆ ಬರೆಯುವ ಪಾಳಿ ಎಪ್ಪತ್ತೊಂಬತ್ತು ವರ್ಷದ ನನಗೆ, ಮಂದಾಕಿನಿ ಸೊರಟೂರ ಎಂಬವಳಿಗೆ, ಬಂದಿದೆ. ನನ್ನನ್ನು ಆರಿಸಿದವರಿಗೆ ನಾನು ಏನು ಮಾಡಿದವಳೆಂದು ತಿಳಿದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಿದ್ದರು.

ಮೊದಲು ನಮ್ಮ ದಿನಚರಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನೀವು ಕಂಪ್ಯೂಟರ್ ಎನ್ನುವುದನ್ನು ನಾವು ಗೂಡು ಎನ್ನುತ್ತೇವೆ. ಹಿಂದೆ ದೀಪ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಅದನ್ನು ಕೂರಿಸುವುದರಿಂದ ಆ ಹೆಸರು. ಅದಕ್ಕೆ ಬೇಕಾದ ವಿದ್ಯುತ್ತು ಕಪ್ಪತಗುಡ್ಡದ ಗಾಳಿಯಂತ್ರಗಳಿಂದ ಬರುತ್ತದೆ. ಒಂದೊಂದು ಓಣಿಗೂ ದಿನಕ್ಕೆ ಇಷ್ಟು ಗಂಟೆ ಎಂದು ಗಾಳಿಪಾಳಿ ಗೊತ್ತುಮಾಡಿರುತ್ತಾರೆ. ನಿಮ್ಮ ಓಣಿಯ ಪಾಳಿ ಮುಗಿದರೆ ಪಕ್ಕದ ಓಣಿಯ ಗೆಳೆಯರ ಮನೆಗೆ ಹೋಗಿ ಅವರ ಗೂಡಿನ ಮುಂದೆ ಕೂರಬೇಕು. ಹೀಗಾಗಿ ಗದಗ-ಬೆಟಗೇರಿಯಲ್ಲಿ ಬಯಲು ಬಳಸುವವರೆಲ್ಲ ಒಬ್ಬರ ಅಡುಗೆಮನೆ ಒಬ್ಬರಿಗೆ ಗೊತ್ತಿರುವಷ್ಟು ಬಳಕೆಯವರು. ಗೂಡಿನೊಳಗೆ ಜಮೀನಿನ ಕಾಗದ, ಮಕ್ಕಳ ಪಾಠ, ಔಷಧದ ಚೀಟಿ ಎಲ್ಲ ಇರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ದನಿಗಳು ಇರುತ್ತಿದ್ದವು. ನಿಮ್ಮ ಕಾಲದವರು ಫೋಟೋ ಕೂಡಿಟ್ಟಂತೆ ನಾವು ಮನೆಯವರ ದನಿ ಕೂಡಿಡುತ್ತಿದ್ದೆವು. ನಮ್ಮ ಗೂಡಿನಲ್ಲಿ ನಮ್ಮವ್ವನ ಇಪ್ಪತ್ತೆರಡು ನಿಮಿಷದ ದನಿ ಇತ್ತು. ಅಗಸಿ ಹಿಂಡಿ, ಎಂದರೆ ಅಗಸೆಯ ಚಟ್ನಿಪುಡಿ, ಹೇಗೆ ಕುಟ್ಟಬೇಕೆಂದು ಹೇಳುತ್ತ ಹೇಳುತ್ತ, ನಡುವೆ ಪಕ್ಕದ ಮನೆಯ ಬೆಕ್ಕಿಗೆ ಬೈದು, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮರೆತು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಹಿಂಡಿ ಮಾಡುವುದನ್ನು ಕಲಿತು ಎಷ್ಟೋ ವರ್ಷವಾಗಿದ್ದರೂ ಪ್ರತಿ ಸಲ ಆ ದನಿಯನ್ನು ಹಚ್ಚಿಕೊಂಡೇ ಕುಟ್ಟುತ್ತಿದ್ದೆ.

ಈಗ ಬಯಲು ಯಾರಿಗೂ ಬೇಡವಾಗಿದೆ. ಹೊಸ ಗೂಡುಗಳು ಯಾರನ್ನೂ ಏನೂ ಕೇಳುವುದಿಲ್ಲ, ತಮಗೆ ತಿಳಿದಂತೆ ಮಾಡಿ ಮುಗಿಸುತ್ತವೆ. ಹಾಗಾಗಿ ನಾವು ಹಳಬರು ವರ್ಷಕ್ಕೊಮ್ಮೆ ಕೂಡಿ, ಮಿರ್ಚಿ-ಮಂಡಕ್ಕಿ ತಿನ್ನುತ್ತ, ಹಳೆಯದನ್ನು ನೆನೆಸಿಕೊಳ್ಳುತ್ತೇವೆ. ಮೂವತ್ತನೆಯ ಆವೃತ್ತಿಯಲ್ಲಿ ಮುದ್ರಣಯಂತ್ರ ಬುಧವಾರ ಮಾತ್ರ ಕೆಲಸ ಮಾಡುತ್ತಿತ್ತು ಎಂದು ಒಬ್ಬರು ಆಣೆ ಮಾಡಿ ಹೇಳುತ್ತಾರೆ. ಹೊಸ ಆವೃತ್ತಿ ಹಾಕುತ್ತಿರುವಾಗ ಗಾಳಿ ನಿಂತು, ಗೂಡು ಅರ್ಧ ಹಳತು ಅರ್ಧ ಹೊಸತಾಗಿ ಒಂಬತ್ತು ದಿನ ಮೌನವ್ರತ ಹಿಡಿದ ಕಥೆಯನ್ನು ಇನ್ನೊಬ್ಬರು ಹೇಳುತ್ತಾರೆ. ಎಲ್ಲರೂ ನೂರು ಸಲ ಕೇಳಿದ್ದೇವೆ, ಆದರೂ ನಗುತ್ತೇವೆ. ಯಾರು ಬೇಕಾದರೂ ಒಳಹೊಕ್ಕು ನೋಡಬಹುದಾಗಿದ್ದ, ತಪ್ಪು ಕಂಡರೆ ತಿದ್ದಬಹುದಾಗಿದ್ದ ವ್ಯವಸ್ಥೆ ಅದು. ಕಾಸು ಕೊಡದೆ ಬಂದದ್ದಕ್ಕೆ ಅಷ್ಟು ಬೈಯುತ್ತ, ಅಷ್ಟು ಹಚ್ಚಿಕೊಂಡಿದ್ದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೆನಪುಗಳ ಈ ಮೆರವಣಿಗೆಯ ಕೊನೆಗೆ ತಪ್ಪದೆ ಬರುವುದು ಫಕೀರಪ್ಪನ ಉಕಾರ. ಕೂಟದ ಹಿರಿಯ ಅಂದಾನಪ್ಪ ಮುಳಗುಂದ ಅದನ್ನು ಹೇಳದೆ ಎಲೆ ಅಡಿಕೆ ಮುಟ್ಟುವುದಿಲ್ಲ. ಈಗ ಅದು ಊರ ಮಾತೇ ಆಗಿಬಿಟ್ಟಿದೆ. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದರೆ 'ಫಕೀರಪ್ಪ ಆಯ್ತು' ಎನ್ನುತ್ತಾರೆ. ಫಕೀರಪ್ಪ ಯಾರೆಂದು ಗೊತ್ತಿಲ್ಲದ ಶಾಲೆಯ ಮಕ್ಕಳೂ ಎನ್ನುತ್ತಾರೆ. ಬಯಲಿನ ನಿಘಂಟಿಗೆ ಪದ ಸೇರಿಸುವ ಕೆಲಸ ಬಹಳ ವರ್ಷ ನನ್ನದಾಗಿತ್ತು. 'ಫಕೀರಪ್ಪ: ಕೈತಪ್ಪಿನಿಂದಾದ ದೊಡ್ಡ ಕೇಡು' ಎಂಬ ಸಾಲನ್ನು ಅದಕ್ಕೆ ಸೇರಿಸಿದ್ದು ನಾನೇ. ಅಳುಕಲಿಲ್ಲವೇ ಎಂದು ನೀವು ಕೇಳಬಹುದು. ಅಳುಕಲಿಲ್ಲ. ಅಷ್ಟರಲ್ಲಿ ಅಭ್ಯಾಸವಾಗಿತ್ತು.

ಫಕೀರಪ್ಪ ಬಾರಕೇರ ನನಗಿಂತ ಏಳು ವರ್ಷ ಚಿಕ್ಕವನು, ಬೆಟಗೇರಿಯವನು. ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಅವನೂ ನಾನೂ ಹನ್ನೊಂದು ವರ್ಷ ಬಯಲಿನ ಕನ್ನಡವನ್ನು ನೋಡಿಕೊಂಡೆವು. ನೀವು ಹಾಕಿಕೊಟ್ಟ ದಾರಿಯಲ್ಲಿ ಒಂದೇ ಒಂದು ನಿಯಮ ಬೆಳೆದು ಬಂದಿತ್ತು. ಒಬ್ಬರು ಬರೆದ ಸಾಲನ್ನು ಇನ್ನೊಬ್ಬರು ದನಿ ತೆಗೆದು ಓದಬೇಕು, ಓದಿದ ಮೇಲೆ 'ಓದಿದೆ' ಎಂದು ತಮ್ಮ ಹೆಸರಿನಲ್ಲಿ ಗುರುತು ಹಾಕಬೇಕು. ಕಣ್ಣು ಜಾರಿದಲ್ಲಿ ನಾಲಿಗೆ ಎಡವುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಫಕೀರಪ್ಪ ಬರೆಯುತ್ತಿದ್ದ, ನಾನು ಓದುತ್ತಿದ್ದೆ. ಒಂದು ಪದಕ್ಕಾಗಿ ಮೂರು ದಿನ ಕಾಯುವ ಮನುಷ್ಯ ಅವನು. 'ದಯವಿಟ್ಟು' ಎಂಬುದನ್ನು ಯಂತ್ರದ ಬಾಯಲ್ಲಿ ಹಾಕಬಾರದು, ದಯೆ ಯಂತ್ರಕ್ಕೆ ಎಲ್ಲಿಂದ ಬರಬೇಕು ಎಂದು ನನ್ನೊಂದಿಗೆ ವಾರಗಟ್ಟಲೆ ಜಗಳವಾಡಿದ್ದ.

ನಲವತ್ತೊಂದು ವರ್ಷದ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಹೊಸ ಆವೃತ್ತಿಯ ಮುನ್ನೂರು ಸಾಲು ಓದಲು ಅವನ ಮನೆಗೆ ಹೋದೆ. ನಮ್ಮ ಓಣಿಯ ಗಾಳಿಪಾಳಿ ಮುಗಿದಿತ್ತು, ಅವನ ಓಣಿಯದು ಒಂದು ಗಂಟೆ ಉಳಿದಿತ್ತು. ಮೊದಲ ನೂರು ಸಾಲನ್ನು ನಿಯಮದಂತೆ ಓದಿದೆ. ಬಿಸಿಲು, ಸೆಕೆ, ಹೊತ್ತು ಕಡಿಮೆ. ಉಳಿದ ಇನ್ನೂರನ್ನು ಕಣ್ಣಾಡಿಸಿ ಬಿಟ್ಟು, ನನ್ನ ಕೈಯಂತ್ರದಿಂದ ಎಲ್ಲಕ್ಕೂ 'ಓದಿದೆ' ಎಂದು ಗುರುತು ಹಾಕಿದೆ. ಇದು ಮೊದಲನೆಯ ತಪ್ಪು. ಇಲ್ಲಿಗೇ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ, ಏಕೆಂದರೆ ಅವನು ಬರೆದದ್ದೆಲ್ಲ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಅವನ ಒಂದು ವರ್ಷದ ಮಗಳು ಶಾವಂತ್ರಿ ಎದ್ದು ಅಳತೊಡಗಿದಳು. ಹೆಂಡತಿ ಕೆಲಸಕ್ಕೆ ಹೋಗಿದ್ದರಿಂದ ಕೂಸನ್ನು ತೂಗಲು ಅವನೇ ಒಳಗೆ ಹೋದ. ಸುಮ್ಮನೆ ಕೂತವಳು ಅವನ ಗೂಡಿನ ಪರದೆ ನೋಡಿದೆ. 'ಹಳೆಯ ದನಿಗಳನ್ನು ಅಳಿಸಬೇಕೇ?' ಎಂಬ ಸಾಲು ಕಂಡಿತು. ನನಗೆ ನಗು ಬಂತು. ಹಿಂದಿನ ಎಲ್ಲ ಆವೃತ್ತಿಗಳಲ್ಲೂ ಆ ಜಾಗದಲ್ಲಿ 'ಉಳಿಸಬೇಕೇ?' ಎಂದಿತ್ತು. ಬಳಕೆದಾರರು ಹೌದು ಎಂದು ಒತ್ತುತ್ತಿದ್ದರು, ಹಳೆಯ ದನಿಗಳು ಹೊಸ ಆವೃತ್ತಿಗೆ ದಾಟುತ್ತಿದ್ದವು. ಫಕೀರಪ್ಪನಂಥ ಫಕೀರಪ್ಪ ಒಂದು ಅಕ್ಷರ ತಪ್ಪಿದ್ದಾನಲ್ಲ ಎಂದು, ಅವನ ಗೂಡಿನಿಂದಲೇ, ಅವನ ಹೆಸರಿನಲ್ಲಿಯೇ, 'ಅ' ತೆಗೆದು 'ಉ' ಹಾಕಿ ಕಳಿಸಿಬಿಟ್ಟೆ. ಅವನು ಬಂದಾಗ ಛೇಡಿಸಬೇಕೆಂದುಕೊಂಡಿದ್ದೆ. ಅವನು ಕೂಸನ್ನು ಎತ್ತಿಕೊಂಡೇ ಹೊರಗೆ ಬಂದ, ನಾನು ಕೂಸನ್ನು ಆಡಿಸತೊಡಗಿದೆ, ಮರೆತೆ.

ಬಯಲನ್ನು ಕಟ್ಟುವ ದೂರದೇಶದವರು ಗೂಡುಗಳಲ್ಲಿ ಜಾಗ ಸಾಲದೆಂದು ಆ ಸಲ ಪ್ರಶ್ನೆಯನ್ನೇ ತಿರುಗಿಸಿದ್ದರು. ಈಗ ಹೌದು ಎಂದರೆ ಹಳೆಯ ದನಿಗಳು ಹೋಗುತ್ತಿದ್ದವು, ಬೇಡ ಎಂದರೆ ಉಳಿಯುತ್ತಿದ್ದವು. ಫಕೀರಪ್ಪ ಅದನ್ನು ಗಮನಿಸಿಯೇ 'ಅಳಿಸಬೇಕೇ' ಎಂದು ಬರೆದಿದ್ದ. ನಾನು ಆ ಸಾಲನ್ನು ಅವನೆದುರು ಬಾಯಿಬಿಟ್ಟು ಓದಿದ್ದರೆ ಅವನು ಹೇಳುತ್ತಿದ್ದ. ಓದಿರಲಿಲ್ಲ.

ಆ ವಾರ ಹದಿನಾಲ್ಕು ಸಾವಿರ ಮನೆಗಳಲ್ಲಿ ಕನ್ನಡದ ಬಯಲು 'ಹಳೆಯ ದನಿಗಳನ್ನು ಉಳಿಸಬೇಕೇ?' ಎಂದು ಕೇಳಿತು. ಎಲ್ಲರೂ ಹೌದು ಎಂದರು. ಬೇಡ ಎನ್ನುವವರು ಯಾರಿದ್ದಾರೆ? ಒಬ್ಬರ ಗೂಡಿನದನ್ನು ಪಕ್ಕದ ಮನೆಯ ಗೂಡು ಕಾಯ್ದಿಡುವ ಏರ್ಪಾಡು ನಮ್ಮಲ್ಲಿದೆ, ನೆರೆಪ್ರತಿ ಎನ್ನುತ್ತೇವೆ. ಆದರೆ ಮನೆಯವರೇ ಅಳಿಸಿದ್ದನ್ನು ನೆರೆಯವರು ಇಟ್ಟುಕೊಳ್ಳುವಂತಿಲ್ಲ; ನೆರೆಪ್ರತಿಗಳೂ ಹೋದವು. ಬೆಟಗೇರಿಯ ಒಬ್ಬ ನೇಕಾರ ಹೆಣ್ಣುಮಗಳು ತೀರಿಕೊಂಡ ಗಂಡನ ದನಿಯನ್ನು ಹಚ್ಚಿಕೊಂಡು ಮಗ್ಗದ ಮುಂದೆ ಕೂರುತ್ತಿದ್ದಳು. ನಮ್ಮ ಕೂಟಕ್ಕೆ ಬಂದು, ಜಗಳವಾಡದೆ, 'ನಾನು ಹೌದು ಎಂದೇ ಒತ್ತಿದ್ದೆನಲ್ಲ' ಎಂದು ಮತ್ತೆ ಮತ್ತೆ ಹೇಳಿದಳು. ನಮ್ಮ ಮನೆಯಲ್ಲಿ ನಾನೂ ಹೌದು ಎಂದು ಒತ್ತಿದ್ದೆ. ನಮ್ಮವ್ವ, ಅವಳ ಹಿಂಡಿ, ಆ ಬೆಕ್ಕು, ಯಾವುದೂ ಉಳಿಯಲಿಲ್ಲ.

ಹೀಗೇಕಾಯಿತೆಂದು ನೋಡಲು ಕೂಟ ಕರೆದರು. ಬಯಲಿನಲ್ಲಿ ಯಾರು ಯಾವಾಗ ಯಾವ ಅಕ್ಷರ ಬದಲಿಸಿದರೂ ದಾಖಲೆ ಇರುತ್ತದೆ. ಅಂದಾನಪ್ಪ ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ. ಬರೆದದ್ದು ಫಕೀರಪ್ಪ. 'ಓದಿದೆ' ಎಂದದ್ದು ಮಂದಾಕಿನಿ. ಅದಾದ ಹನ್ನೆರಡು ನಿಮಿಷಕ್ಕೆ, ಓದಿ ಮುಗಿದ ಸಾಲನ್ನು ಯಾರಿಗೂ ತೋರಿಸದೆ ಬದಲಿಸಿದ್ದು ಫಕೀರಪ್ಪ. ಗೋಡೆಯ ಮೇಲಿನ ಆ 'ಉ' ನೋಡಿದಾಗಲೇ ನನಗೆ ನೆನಪಾದದ್ದು. ಎಲ್ಲರೂ ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು, ತಾಯಿಯ ದನಿ ಕಳೆದುಕೊಂಡವಳೆಂದು. ಆ ಕನಿಕರದ ಮರೆಯಲ್ಲಿ ನಾನು ಕೂತೆ. ನಮ್ಮಲ್ಲಿ ದೊಡ್ಡ ಶಿಕ್ಷೆ ಎಂದರೆ ದುಡಿದವರ ಪಟ್ಟಿಯಿಂದ ಹೆಸರು ತೆಗೆಯುವುದು. ನೀವು ಮೊದಲ ಸಾಲಿನಲ್ಲಿರುವ ಅದೇ ಪಟ್ಟಿ. ತೆಗೆಯಬೇಕೆನ್ನುವವರು ಕೈ ಎತ್ತಿ ಎಂದರು. ಎತ್ತಿದವರಲ್ಲಿ ನಾನೂ ಒಬ್ಬಳು.

ಮರುದಿನ ಬೆಳಗ್ಗೆ ಫಕೀರಪ್ಪ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲ ಆಚೆ ನಿಂತು ಕೇಳಿದ:

"ಅಕ್ಕಾರ, ಅವತ್ತ ಕೂಸು ತೂಗಾಕ ನಾ ಒಳಗ ಹೋದಾಗ, ನೀವೇನರ ಒತ್ತಿದ್ರೇನ್ರಿ?"

ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಇಲ್ಲ ಎಂದೆ. ಅವನು ಸ್ವಲ್ಪ ಹೊತ್ತು ತನ್ನ ಕೈಬೆರಳುಗಳನ್ನು ನೋಡಿಕೊಂಡ.

"ಹಂಗಾರ ನಾನ ಒತ್ತಿರಬೇಕು. ನನಗ ನೆನಪ ಇಲ್ಲ ನೋಡ್ರಿ."

ನಾನು ಸುಳ್ಳು ಹೇಳುತ್ತಿದ್ದೇನೆ ಎಂಬ ಯೋಚನೆಯೇ ಅವನಿಗೆ ಬರಲಿಲ್ಲ. ನನ್ನ ಮಾತು ನಂಬಿ ತನ್ನ ನೆನಪನ್ನು ಅನುಮಾನಿಸಿದ. ಆಮೇಲೆ ಅವನು ಒಂದು ಸಾಲೂ ಬರೆಯಲಿಲ್ಲ. ಬಾಗಿಲಿಗೆ ಚಿಲಕ ಹಾಕಿದ್ದನ್ನು ಮೂರು ಸಲ ಹಿಂದಿರುಗಿ ನೋಡುತ್ತಿದ್ದನಂತೆ. ಔಷಧ ತಗೊಂಡೆನೋ ಇಲ್ಲವೋ ಎಂದು ಹೆಂಡತಿಯನ್ನು ಕೇಳುತ್ತಿದ್ದನಂತೆ. ಸಂತೆಯಲ್ಲಿ ಸಿಕ್ಕರೆ ಮೊದಲಿನಂತೆಯೇ ಅಕ್ಕಾರ ಎಂದು ಮಾತಾಡಿಸುತ್ತಿದ್ದ. ಮೂವತ್ತೆಂಟು ವರ್ಷ ಹಾಗೆ ಬದುಕಿ, ಮೂರು ವರ್ಷದ ಹಿಂದೆ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಹೂವಿನ ಮಾಲೆ ಒಯ್ದಿದ್ದೆ, ನಾಚಿಕೆಗೆಟ್ಟವಳು.

ಈಗ ಶಾವಂತ್ರಿ ಕೂಟಕ್ಕೆ ಒಂದು ಅರ್ಜಿ ಬರೆದಿದ್ದಾಳೆ. ಕೊನೆಯ ಆವೃತ್ತಿ ಮುಚ್ಚಿದ ಮೇಲೆ ದುಡಿದವರ ಪಟ್ಟಿಯನ್ನು ಯಾರೂ ಬದಲಿಸಲಾಗದು. ಅಪ್ಪ ತಪ್ಪು ಮಾಡಿದ್ದರೂ ಹನ್ನೊಂದು ವರ್ಷ ದುಡಿದಿದ್ದ, ಹೆಸರನ್ನು ಮರಳಿ ಸೇರಿಸಿ ಎಂದು ಕೇಳಿದ್ದಾಳೆ. ನಾಡಿದ್ದು ಮಧ್ಯಾಹ್ನ ತೀರ್ಮಾನ. ಹೆಚ್ಚಿನವರು ಬೇಡ ಎನ್ನುವವರೇ. ದನಿ ಕಳೆದುಕೊಂಡವರು ಇನ್ನೂ ಇದ್ದಾರೆ.

ಇದನ್ನೆಲ್ಲ ನಿಮಗೇಕೆ ಬರೆದೆನೆಂದರೆ, ನಿಮ್ಮಲ್ಲಿ ಒಂದು ಬಿನ್ನಹ ಮಾಡಿಕೊಳ್ಳಬೇಕೆಂದಿದ್ದೆ. ಕಾಯ್ದಿಡುವುದಕ್ಕೆ 'ಉಳಿಸು', ಒರೆಸಿಹಾಕುವುದಕ್ಕೆ 'ಅಳಿಸು' ಎಂಬ ಪದಗಳನ್ನು ಕಡತಕ್ಕೆ ಮೊದಲು ಹಾಕಿದವರು ನೀವು. ಒಂದೇ ಅಕ್ಷರದ ಅಂತರ. 'ತೆಗೆದುಹಾಕು' ಎಂದೋ 'ಬಿಸಾಡು' ಎಂದೋ ಆರಿಸಿ, ಇನ್ನೂ ಕಾಲ ಮಿಂಚಿಲ್ಲ ಎಂದು ನಿಮ್ಮನ್ನು ಬೇಡಿಕೊಳ್ಳುವ ನಾಲ್ಕು ಸಾಲು ಬರೆದಿದ್ದೆ. ಬರೆದದ್ದನ್ನು, ನಮ್ಮ ನಿಯಮದಂತೆ, ದನಿ ತೆಗೆದು ಓದಿಕೊಂಡೆ. ನನ್ನ ಕಿವಿಗೇ ಅಸಹ್ಯವಾಯಿತು. ಫಕೀರಪ್ಪ ಸಾಯುವವರೆಗೂ ಅವನ ಮೇಲೆ ಹೊರಿಸಿದ್ದು ಸಾಲದೆಂದು, ನೂರೈವತ್ತು ವರ್ಷ ಹಿಂದಿನ ನಿಮ್ಮ ಹೆಗಲು ಹುಡುಕಿಕೊಂಡು ಬಂದಿದ್ದೆ. ಆ ಸಾಲುಗಳನ್ನು ಹರಿದೆ. ನಿಮ್ಮ ಪದಗಳಲ್ಲಿ ದೋಷವಿಲ್ಲ. ಒಳ್ಳೆಯ ಪದಗಳು ಅವು, ಹಾಗೆಯೇ ಇರಲಿ.

ಕಾಗದ ಇಲ್ಲಿಗೆ ಮುಗಿಯಬೇಕಿತ್ತು. ಇದನ್ನು ಮೊದಲು ಕೇಳಬೇಕಾದವರು ನೀವಲ್ಲ ಎನಿಸಿ, ಇಂದು ಬೆಳಗ್ಗೆ ಬೆಟಗೇರಿಗೆ ಹೋದೆ. ಶಾವಂತ್ರಿ ಶೇಂಗಾ ಸುಲಿಯುತ್ತ ಕೂತಿದ್ದಳು. ನನಗೆ ಮಣೆ ಹಾಕಿ, ನೀರು ಕೊಟ್ಟಳು. ಮೊದಲಕ್ಷರದಿಂದ ಇಡೀ ಕಾಗದವನ್ನು ಅವಳಿಗೆ ಓದಿದೆ, ನಿಮ್ಮ ಹೆಸರಿಗೆ ಬರೆದದ್ದೆಂದು ಯಾವ ಸಾಲನ್ನೂ ಬಿಡಲಿಲ್ಲ. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದುಕೊಂಡಿದ್ದೆ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವಳು ಶೇಂಗಾದ ಮೊರವನ್ನು ಪಕ್ಕಕ್ಕಿಟ್ಟಳು. ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಕಡೇ ದಿನಗಳಲ್ಲಿ, 'ನಾನು ಅದನ್ನು ಯಾವಾಗ ಒತ್ತಿದೆ?' ಎಂದು ಕೇಳುತ್ತಲೇ ಇದ್ದ ಎಂದು ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದನ್ನ ನನಗಲ್ರಿ, ಅತ್ತಿ. ಅಪ್ಪಗ ಹೇಳಬೇಕಿತ್ತು."

ನಾಡಿದ್ದಿನ ಕೂಟದಲ್ಲಿ ಈ ಕಾಗದವನ್ನು ಓದುತ್ತೇನೆ. ಶಾವಂತ್ರಿ ಬರುತ್ತೇನೆಂದಿದ್ದಾಳೆ, ನನ್ನ ಜೊತೆ ಕೂರುವುದಿಲ್ಲ ಎಂದೂ ಹೇಳಿದ್ದಾಳೆ. ದುಡಿದವರ ಪಟ್ಟಿಯಿಂದ ನನ್ನ ಹೆಸರು ತೆಗೆಯಬೇಕೆಂದು ನಾನೇ ಕೇಳುತ್ತೇನೆ, ತೆಗೆಯುತ್ತಾರೆ. ಹಾಗಾಗಿ ಇನ್ನು ಮುಂದೆ ಆ ಪಟ್ಟಿಯಲ್ಲಿ ನನ್ನನ್ನು ಹುಡುಕಬೇಡಿ. ನಿಮಗಿಂತ ಬಹಳ ಕೆಳಗೆ, ಹನ್ನೊಂದು ವರ್ಷಗಳ ಎದುರು, ಫಕೀರಪ್ಪ ಬಾರಕೇರ ಎಂದು ಇರುತ್ತದೆ. ಅವನ ಕನ್ನಡವನ್ನು ನೋಡಿ, ನಿಮಗೆ ಮೆಚ್ಚುಗೆಯಾಗುತ್ತದೆ.

ಇಷ್ಟನ್ನು ನನ್ನಿಂದ ಮಾಡಲಾದೀತು. ಆ ಉಕಾರ ಫಕೀರಪ್ಪನದಲ್ಲ ಎಂಬುದು ನಾಡಿದ್ದು ಊರಿಗೆಲ್ಲ ತಿಳಿಯುತ್ತದೆ. ಅವನೊಬ್ಬನಿಗೆ ತಿಳಿಯುವುದಿಲ್ಲ.

ಮಂದಾಕಿನಿ ಸೊರಟೂರ